ಸೌಂಡ್‌ಬೋರ್ಡ್ ಟೇಪು, ಆಡಿಯನ್ಸ್ ಟೇಪು: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಭಿಮಾನಿಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದೆರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಈ ಬ್ಯಾಂಡಿನವರು ಒಂದು ಹಾಡನ್ನು ಒಂದೊಂದು ರಾತ್ರಿ ಒಂದೊಂದು ಥರ ಬೆಳೆಸುತ್ತಿದ್ದರು. ಅದಕ್ಕೇ ಅಭಿಮಾನಿಗಳ ಜಗಳವೆಲ್ಲ ಆಲ್ಬಮ್ಮಿನ ಮೇಲಲ್ಲ, ಕಚೇರಿಗಳ ರೆಕಾರ್ಡಿಂಗ್ ಮೇಲೆ. ಟೇಪ್ ಮಾಡಿಕೊಳ್ಳುವ ಕೇಳುಗರಿಗೆ 1984ರಿಂದ ಬ್ಯಾಂಡಿನವರೇ ಬೇರೆ ಜಾಗ ಬಿಟ್ಟುಕೊಟ್ಟಿದ್ದರು.

ಟೇಪುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಲ್ಲ ಮೈಕು, ವಾದ್ಯಗಳ ಸದ್ದು ಬೆರೆಸುವ ಪೆಟ್ಟಿಗೆಯಿಂದ ನೇರವಾಗಿ ವೈರ್ ಎಳೆದು ತೆಗೆದದ್ದು ‘ಸೌಂಡ್‌ಬೋರ್ಡ್’. ಜನರ ನಡುವೆ ಮೈಕ್ ನಿಲ್ಲಿಸಿ ತೆಗೆದದ್ದು ‘ಆಡಿಯನ್ಸ್’. ಮೊದಲನೆಯದರಲ್ಲಿ ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ, ಆದರೆ ಚಪ್ಪಾಳೆ ಎಲ್ಲೋ ಪಕ್ಕದ ಬೀದಿಯಲ್ಲಿ ಹೊಡೆದಂತಿರುತ್ತದೆ. ಎರಡನೆಯದರಲ್ಲಿ ಹಾಲ್ ಪೂರ್ತಿ ಗುಂಯ್‌ಗುಡುತ್ತದೆ, ಪಕ್ಕದವನ ಮಾತೂ ಸೇರಿ.

‘ಧ್ವನಿಫಲಕ ಮುದ್ರಿಕೆ’ ಅಂದರೆ ಯಾರಿಗೆ ಅರ್ಥವಾಗುತ್ತೆ? ನಮ್ಮ ಮೈಕ್‌ಸೆಟ್‌ನವರು ಆ ಪೆಟ್ಟಿಗೆಗೆ ಮಿಕ್ಸರ್ ಅಂತಲೇ ಹೇಳುತ್ತಾರೆ. ‘ಮಿಕ್ಸರ್ ಟೇಪು’, ‘ಸಭೆ ಟೇಪು’ ಅಂದರೆ ಸಾಕಲ್ವಾ? ‘ಸಭಿಕರ ಟೇಪು’ ಬೇಡ, ಟೇಪಿನ ಮಾಲೀಕರು ಸಭಿಕರು ಎಂದಾಗಿಬಿಡುತ್ತದೆ.

ತಾರೀಕಿನದು ಇನ್ನೊಂದು ತೊಡಕು. ಇವರಲ್ಲಿ ಕಚೇರಿಗೆ ತಾರೀಕೇ ಹೆಸರು. ‘5/8/77’ ನೋಡಿದರೆ ನಾವು ಆಗಸ್ಟ್ 5 ಎಂದು ಓದುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ ಅದು 1977ರ ಮೇ 8. ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್ ಕಚೇರಿ. ಬ್ಯಾಂಡಿನ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಬೆಟ್ಟಿ ಕ್ಯಾಂಟರ್-ಜಾಕ್ಸನ್ ತೆಗೆದ ಆ ಸೌಂಡ್‌ಬೋರ್ಡ್ ಟೇಪು ಕಾಪಿಯ ಮೇಲೆ ಕಾಪಿಯಾಗಿ ಹಬ್ಬಿತ್ತು. ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ. ಅದನ್ನು ಮೀರಿದ್ದಿಲ್ಲ ಎನ್ನುವವರು ಒಂದು ಕಡೆ. 1972ರ ಆಗಸ್ಟ್ 27ರಂದು ಆರೆಗಾನ್‌ನ ವೆನೀಟಾದಲ್ಲಿ, ಒಂದು ಹಾಲಿನ ಡೈರಿಯ ನೆರವಿಗಾಗಿ, ಉರಿಬಿಸಿಲಲ್ಲಿ ನುಡಿಸಿದ್ದೇ ಮೇಲು ಎನ್ನುವವರು ಇನ್ನೊಂದು ಕಡೆ. ನಾನು ವೆನೀಟಾ ಪಕ್ಷ. ಅಲ್ಲಿನ ‘ಡಾರ್ಕ್ ಸ್ಟಾರ್’ ಹಾಡು ಅರ್ಧ ಗಂಟೆ ದಾಟುತ್ತದೆ, ಒಂದು ನಿಮಿಷವೂ ಜಾಸ್ತಿ ಅನ್ನಿಸುವುದಿಲ್ಲ.

ಆದರೆ ನನ್ನ ನಿಜವಾದ ಪ್ರಶ್ನೆ ಹುಟ್ಟಿದ್ದು ಕಾರ್ನೆಲ್ ಟೇಪಿನಿಂದ. ಅದರಲ್ಲಿ ‘ಸ್ಕಾರ್ಲೆಟ್ ಬಿಗೋನಿಯಾಸ್’ ನಿಲ್ಲದೆ ‘ಫೈರ್ ಆನ್ ದ ಮೌಂಟನ್’ ಆಗುತ್ತದೆ. ಗಿಟಾರ್ ಇನ್ನೂ ಹಳೇ ಹಾಡಿನಲ್ಲೇ ಸುತ್ತುತ್ತಿರುವಾಗ ಬೇಸ್ ಗಿಟಾರ್ ಮೆಲ್ಲಗೆ ಹೊಸದರ ಕಡೆ ಜಾರುತ್ತದೆ. ಯಾವ ಕ್ಷಣದಲ್ಲಿ ಹಾಡು ಬದಲಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಕಚೇರಿಯ ಹಾಡುಗಳ ಪಟ್ಟಿಯಲ್ಲಿ ಇದಕ್ಕೆ ಎರಡು ಹಾಡಿನ ನಡುವೆ ಬಾಣದ ಗುರುತು ಹಾಕುತ್ತಾರೆ, ಬಾಯಲ್ಲಿ ‘ಸೆಗ್ವೇ’ ಎನ್ನುತ್ತಾರೆ.

ಇದಕ್ಕೆ ಕನ್ನಡದಲ್ಲಿ ಏನು? ‘ದಾಟು’ ಎಂದರೆ ಸಂಗೀತ ಕಲಿತವರಿಗೆ ಸ್ವರ ದಾಟಿಸಿ ಹಾಡುವ ದಾಟುವರಸೆ ಪಾಠ ನೆನಪಾಗುತ್ತದೆ. ‘ಬೆಸುಗೆ’ಯಲ್ಲಿ ಎರಡು ತುಂಡು ಅಂಟಿಸಿದ ಗುರುತು ಉಳಿಯುತ್ತದೆ. ರಾಗಮಾಲಿಕೆಯಲ್ಲಿ ರಾಗ ಬದಲಾದರೂ ಕೃತಿ ಒಂದೇ, ಇಲ್ಲಿ ಹಾಡೇ ಬೇರೆ. ಸದ್ಯಕ್ಕೆ ‘ಜಾರು’ ಎಂದು ಬರೆದಿಟ್ಟಿದ್ದೇನೆ. ಅದೂ ಸ್ವರ ಜಾರಿಸುವ ಒಂದು ಗಮಕದ ಹೆಸರೇ, ಗೊತ್ತು. ಆದರೂ ಕಿವಿಗೆ ಕೇಳುವುದಕ್ಕೆ ಅದೇ ಹತ್ತಿರ.

ಭಜನೆ, ಹರಿಕಥೆ, ಯಕ್ಷಗಾನದ ಒಡನಾಟ ಇರುವವರು ಹೇಳಿ: ಒಂದು ಹಾಡು ನಿಲ್ಲದೆ ಇನ್ನೊಂದಕ್ಕೆ ಹೋಗುವುದಕ್ಕೆ ನಿಮ್ಮ ಕಡೆ ಬಳಕೆಯ ಮಾತು ಇದೆಯಾ?