ಸಹಾಯ ಬೇಕು: ಅಮ್ಮನಿಗೆ ಮೆಕ್ಯಾನಿಕಲ್ ಕವಾಟವೋ, ಟಿಶ್ಯೂ ಕವಾಟವೋ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ, ಸೋರಿಕೆಯೂ ಹೆಚ್ಚಿದೆ. ಹಾಗಾಗಿ ಬಲೂನಿನಿಂದ ಕವಾಟ ಹಿಗ್ಗಿಸುವ ಚಿಕಿತ್ಸೆ ಆಗದು, ಕವಾಟವನ್ನೇ ಬದಲಿಸಬೇಕು ಎಂದಿದ್ದಾರೆ ವೈದ್ಯರು. (ನೆಂಟರೆಲ್ಲ ಸ್ಟೆಂಟ್ ಹಾಕಿಸಿ ಎನ್ನುತ್ತಾರೆ. ಅದು ರಕ್ತನಾಳದ ಅಡಚಣೆಗೆ, ಕವಾಟಕ್ಕಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.)

ಮೆಕ್ಯಾನಿಕಲ್ (ಲೋಹ, ಕಾರ್ಬನ್‌ನಂಥವುಗಳಿಂದ ಮಾಡಿದ) ಕವಾಟ ಬಹುಕಾಲ ಬಾಳುತ್ತದೆ, ಆದರೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ, ಆಗಾಗ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತಿಳಿಸುವ ಐಎನ್‌ಆರ್ ರಕ್ತಪರೀಕ್ಷೆ. ನಮ್ಮ ಹಳ್ಳಿಯಿಂದ ಲ್ಯಾಬ್‌ಗೆ 40 ಕಿಲೋಮೀಟರ್! ಟಿಶ್ಯೂ (ಪ್ರಾಣಿಯ ಅಂಗಾಂಶದಿಂದ ಮಾಡಿದ) ಕವಾಟ 10–15 ವರ್ಷಗಳಲ್ಲಿ ಸವೆಯಬಹುದು. ಮತ್ತೊಮ್ಮೆ ಶಸ್ತ್ರಚಿಕಿತ್ಸೆಯೆಂದರೆ ಭಯ.

ಇವುಗಳಲ್ಲಿ ಯಾವುದನ್ನಾದರೂ ಹಾಕಿಸಿಕೊಂಡವರು ದಯವಿಟ್ಟು ಅನುಭವ ತಿಳಿಸಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸುತ್ತದಂತೆ; ಈ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಹೇಗೆ ನಿಭಾಯಿಸುತ್ತೀರಿ? ಬಸ್ಸಾರಿಲ್ಲದೆ ಅಮ್ಮನಿಗೆ ಮುದ್ದೆ ಇಳಿಯುವುದಿಲ್ಲ.