ಮರೆಯಲ್ಲಿರುವವರ ಮಾತು ಕೇಳುತ್ತದೆ, ಮುಖವೇಕೆ ಕಾಣುವುದಿಲ್ಲ?

ಪ್ರಶ್ನೆ:
ಧ್ವನಿಯೂ ತರಂಗ, ಬೆಳಕೂ ತರಂಗ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಹಾಗಿದ್ದಲ್ಲಿ, ತೆರೆದ ಬಾಗಿಲಿನ ಪಕ್ಕದಲ್ಲಿ ಗೋಡೆಗೆ ಮರೆಯಾಗಿ ನಿಂತವರ ಮಾತು ಕಿವಿಗೆ ಬೀಳುವಾಗ ಅವರ ಮುಖ ಮಾತ್ರ ಏಕೆ ಕಾಣುವುದಿಲ್ಲ? ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುವ ಬೆಳಕಿಗೆ ಬಾಗಲು ಅವಕಾಶವೇ ಸಿಗುವುದಿಲ್ಲವೆಂದು ನನ್ನ ಊಹೆ. ಇದು ಸರಿಯೇ?

ಉತ್ತರ 1:
ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ರೇಡಿಯೋ ತರಂಗಗಳ ವೇಗವೂ ಬೆಳಕಿನಷ್ಟೇ ಇದೆ. ಆದರೂ ಮೀಡಿಯಂ ವೇವ್ ಪ್ರಸಾರದ ನೂರಾರು ಮೀಟರ್ ಉದ್ದದ ತರಂಗಗಳು ಗುಡ್ಡಗಳನ್ನು ಬಳಸಿಕೊಂಡು ಆಚೆ ಬದಿಯನ್ನು ತಲುಪುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ತರಂಗಾಂತರ, ಅಂದರೆ ಒಂದು ಅಲೆಯ ಶಿಖರದಿಂದ ಮುಂದಿನ ಅಲೆಯ ಶಿಖರಕ್ಕಿರುವ ದೂರ. ತರಂಗಾಂತರವು ತಾನು ಹಾದುಹೋಗುವ ಕಿಂಡಿಯ ಅಗಲಕ್ಕೆ ಹತ್ತಿರವಾದಷ್ಟೂ ತರಂಗವು ಆಚೆ ಹೆಚ್ಚು ಹರಡಿಕೊಳ್ಳುತ್ತದೆ. ಇದನ್ನೇ ವಿವರ್ತನೆ ಎನ್ನುತ್ತೇವೆ. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆದ್ದರಿಂದ 343 ಹರ್ಟ್ಜ್, ಅಂದರೆ ಸೆಕೆಂಡಿಗೆ 343 ಬಾರಿ ಕಂಪಿಸುವ ಸ್ವರದ ತರಂಗಾಂತರ 1 ಮೀಟರ್, ಅಂದರೆ ಹೆಚ್ಚುಕಡಿಮೆ ಬಾಗಿಲಿನ ಅಗಲದಷ್ಟು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಕೇವಲ 400ರಿಂದ 700 ನ್ಯಾನೋಮೀಟರ್. ಅದರ ಪಾಲಿಗೆ ಬಾಗಿಲು ತನಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಅಗಲವಾದ ಬಯಲು. ಹಾಗಾಗಿ ಅದು ನೇರವಾಗಿಯೇ ದಾಟಿಹೋಗುತ್ತದೆ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅಪೂರ್ಣ. ಮಾತಿನಲ್ಲಿ ಎತ್ತರದ ಸ್ವರಗಳೂ ಇರುತ್ತವೆ. ‘ಸ’ಕಾರದ ಸಿಳ್ಳಿನಂಥ ಸದ್ದಿನಲ್ಲಿ 5000 ಹರ್ಟ್ಜ್ ದಾಟಿದ ಅಂಶ ಸಾಕಷ್ಟಿದ್ದು, ಅದರ ತರಂಗಾಂತರ 7 ಸೆಂಟಿಮೀಟರ್‌ಗಿಂತ ಕಡಿಮೆ, ಅದು ಅಷ್ಟು ಸುಲಭವಾಗಿ ಬಾಗುವುದಿಲ್ಲ. ಬಯಲಿನಲ್ಲಿ ದೊಡ್ಡ ಗೋಡೆಯ ಹಿಂದೆ ನಿಂತು ಕೇಳಿದರೆ ದನಿ ಮಂಕಾಗಿ, ಇಂಥ ಅಕ್ಷರಗಳು ಅಸ್ಪಷ್ಟವಾಗುವುದು ಇದೇ ಕಾರಣಕ್ಕೆ. ಕೋಣೆಯೊಳಗೆ ಅವು ನಮಗೆ ಕೇಳಿಸುವುದಕ್ಕೆ ಬಹುಮಟ್ಟಿಗೆ ಗೋಡೆ, ಚಾವಣಿಗಳಿಂದಾಗುವ ಪ್ರತಿಫಲನವೇ ಕಾರಣ.

ಇನ್ನೊಂದು ಮಾತನ್ನು ಇಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಮರೆಯಲ್ಲಿರುವವರ ಮುಖದಿಂದ ಹೊರಟ ಬೆಳಕು ಕೂಡ ಎದುರಿನ ಬಿಳಿ ಗೋಡೆಗೆ ಬಡಿದು ನಿಮ್ಮ ಕಣ್ಣಿಗೆ ಬಂದೇ ಬರುತ್ತದೆ. ಆದರೆ ಬೆಳಕಿನ ಸೂಕ್ಷ್ಮ ಅಳತೆಗೆ ಆ ಗೋಡೆ ತೀರಾ ಒರಟಾದುದರಿಂದ ಕಿರಣಗಳು ದಿಕ್ಕುತಪ್ಪಿ ಚದುರಿಹೋಗುತ್ತವೆ. ಯಾವ ಕಿರಣ ಯಾವ ದಿಕ್ಕಿನಿಂದ ಬಂತು ಎಂಬುದರ ಮೇಲೆಯೇ ಕಣ್ಣು ಬಿಂಬವನ್ನು ಕಟ್ಟುವುದರಿಂದ, ದಿಕ್ಕು ಕಳೆದುಹೋದ ಮೇಲೆ ಮುಖವೂ ಕಳೆದಂತೆಯೇ. ಮಾತಿನ ಅರ್ಥವಾದರೋ ಸದ್ದು ಕ್ಷಣಕ್ಷಣಕ್ಕೆ ಬದಲಾಗುವ ಕ್ರಮದಲ್ಲಿದೆ. ಅದು ಯಾವ ದಿಕ್ಕಿನಿಂದ ಬಂದರೂ, ಪ್ರತಿಧ್ವನಿ ಅತಿಯಾಗದಿದ್ದರೆ, ಕಿವಿಗೆ ತಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬೆಳಕು ಬಾಗುವುದನ್ನು ಉಪಕರಣಗಳಿಲ್ಲದೆ ನೋಡಲು ಸಾಧ್ಯವೇ?

ಉತ್ತರ 3:
ಸಾಧ್ಯ. ಎರಡು ಬೆರಳುಗಳನ್ನು ಕೂದಲೆಳೆಯಷ್ಟು ಸಂದು ಉಳಿಯುವಂತೆ ಜೋಡಿಸಿ, ಕಣ್ಣಿನ ಸಮೀಪ ಹಿಡಿದು, ಬೆಳಗುತ್ತಿರುವ ಟ್ಯೂಬ್‌ಲೈಟಿನತ್ತ ನೋಡಿರಿ. ಸೂರ್ಯನತ್ತ ಮಾತ್ರ ಖಂಡಿತ ಬೇಡ. ಬೆಳಕು ಬಾಗಿದುದರ ಗುರುತಾಗಿ ಸಂದಿನೊಳಗೆ ಬೆರಳಿಗೆ ಸಮಾನಾಂತರವಾಗಿ ಸಣ್ಣ ಕಪ್ಪು ಗೆರೆಗಳು ಕಾಣಿಸುತ್ತವೆ. ಇದಕ್ಕಿಂತ ಬೆರಗಿನ ಪ್ರಯೋಗವೂ ಒಂದಿದೆ. 1818ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಫ್ರೆನೆಲ್ ಬೆಳಕಿನ ತರಂಗವಾದವನ್ನು ಮಂಡಿಸಿದಾಗ ಗಣಿತಜ್ಞ ಪಾಯ್ಸನ್, ಅದು ನಿಜವಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಾಗುತ್ತದೆ, ಇದು ಅಸಂಗತ ಎಂದು ಆಕ್ಷೇಪಿಸಿದರು. ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಅರಾಗೋ ಪ್ರಯೋಗ ಮಾಡಿ ನೋಡಿದರೆ, ಚುಕ್ಕೆ ಅಲ್ಲಿಯೇ ಇತ್ತು.