ಶಾಲಾ ಬಸ್ಸಿನ ಹಳದಿ ಮಂಕಾಗಿದೆ, ಬಿಳಿ ಕಲೆ ಹೋಗುತ್ತಿಲ್ಲ, ವ್ಯಾಕ್ಸ್ ನಿಲ್ಲುತ್ತಿಲ್ಲ

ಸಾರಥಿ_ಶ್ರೀನಿವಾಸಪುರ:

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರದ ಹತ್ತಿರ ಒಂದು ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುತ್ತೇನೆ. ನಾಲ್ಕು ಬಸ್ಸುಗಳಿವೆ. ಎರಡು ಕಂಪನಿ ಪೇಂಟ್‌ನಲ್ಲೇ ಇವೆ. ಇನ್ನೆರಡು ಹಳೆಯವು, ಅವಕ್ಕೆ ಇಲ್ಲೇ ಪೇಂಟ್ ಹೊಡೆಸಿದ್ದು.

ತೊಂದರೆ ಹೀಗಿದೆ. ಎಲ್ಲಾ ಬಸ್ಸುಗಳಲ್ಲೂ ಕಿಟಕಿ ಗಾಜಿನ ಮೇಲೆ, ಅದರ ಕೆಳಗಿನ ತಗಡಿನ ಮೇಲೆ ಬಿಳಿ ಚುಕ್ಕೆ, ನೀರು ಇಳಿದ ಗೆರೆ. ಹಳೆಯ ಎರಡು ಬಸ್ಸುಗಳ ಒಂದು ಪಕ್ಕ ಮಾತ್ರ ಸುಣ್ಣ ಬಳಿದ ಹಾಗೆ ಮಂಕಾಗಿದೆ. ಮಾವಿನ ಮರದ ಕೆಳಗೆ ನಿಲ್ಲುವ ಬಸ್ಸಿನ ಟಾಪ್ ಮೇಲೆ ಕಪ್ಪು ಜಿಗುಟು ಬೇರೆ.

ತೊಳೆಯುವುದು ಬೋರ್ ನೀರಿನಲ್ಲಿ, ಬಟ್ಟೆ ಒಗೆಯುವ ಪುಡಿ ಹಾಕಿ. ಬೆಳಗಿನ ಟ್ರಿಪ್ ಮುಗಿಸಿ ಬಂದ ಮೇಲೆ, ಅಂದರೆ ಹನ್ನೊಂದು ಗಂಟೆ ಹೊತ್ತಿಗೆ. ಪೇಸ್ಟ್ ವ್ಯಾಕ್ಸ್ ಹಾಕಿಸಿದೆವು, ಹೊಳಪು ಎರಡು ಮೂರು ವಾಷ್‌ಗೇ ಹೋಯಿತು. ಬಿಸಿಲಿಗೆ ವ್ಯಾಕ್ಸ್ ಕರಗಿ ಹೋಗುತ್ತದೆ ಅಂತ ಡ್ರೈವರ್ ಹೇಳುತ್ತಾರೆ, ನಿಜವಾ? ಜೂನ್‌ನಲ್ಲಿ ಶಾಲೆ ಶುರು, ಅದಕ್ಕೂ ಮುಂಚೆ ಎಫ್‌ಸಿ, ಅಂದರೆ ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಬೇಕು. ಮತ್ತೆ ಪೇಂಟ್ ಹೊಡೆಸಲೇಬೇಕಾ?

ಗಡಿ_ಮುಳಬಾಗಿಲು:

ಸರ್, ಬಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಒರೆಸಿ. ಫಳಫಳ ಅನ್ನುತ್ತದೆ. ನಮ್ಮ ಲಾರಿ ಶೆಡ್‌ನಲ್ಲಿ ಎಲ್ಲರೂ ಮಾಡುವುದು ಹೀಗೇ.

ಪಾಲಿಶ್_ಕೋಲಾರ:

ಅಣ್ಣ, ಡೀಸೆಲ್ ಮಾತ್ರ ಬೇಡ. ಎಣ್ಣೆ ಪದರ ಇರುವಷ್ಟು ಹೊತ್ತು ಹೊಳಪು, ಸಂಜೆಯೊಳಗೆ ರಸ್ತೆ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಕಿಟಕಿಯ ರಬ್ಬರ್ ಬೀಡಿಂಗ್ ಉಬ್ಬಿ ಸಡಿಲವಾಗುತ್ತದೆ. ಆಮೇಲೆ ವ್ಯಾಕ್ಸ್ ಹಾಕಿದರೆ ಹಿಡಿಯುವುದೂ ಇಲ್ಲ. ಮಕ್ಕಳು ಬಸ್ಸಿಗೆ ಒರಗಿ ನಿಲ್ಲುತ್ತಾರೆ, ಯೂನಿಫಾರಂಗೆ ಆ ವಾಸನೆ ಹತ್ತುತ್ತದೆ.

ಸಾರಥಿ ಅವರೇ, ಒಂದೆರಡು ವಿಷಯ ತಿಳಿಸಿ. ಮಂಕಾದ ಪಕ್ಕ ಬಸ್ಸು ನಿಂತಾಗ ಪಶ್ಚಿಮಕ್ಕೆ ಇರುತ್ತದಾ? ಒಣಗಿದ ತಗಡಿನ ಮೇಲೆ ಕಪ್ಪು ಬಟ್ಟೆ ಒತ್ತಿ ಉಜ್ಜಿದರೆ ಹಳದಿ ಪುಡಿ ಬರುತ್ತದಾ? ಬಿಳಿ ಚುಕ್ಕೆಯ ಮೇಲೆ ಉಗುರು ಆಡಿಸಿದರೆ ತರಿತರಿ ಅನ್ನಿಸುತ್ತದಾ?

ಸಾರಥಿ_ಶ್ರೀನಿವಾಸಪುರ:

ಹೌದು, ಆ ಪಕ್ಕಕ್ಕೆ ಮಧ್ಯಾಹ್ನದ ಬಿಸಿಲು ಪೂರ್ತಿ ಬೀಳುತ್ತದೆ. ಹಳೆಯ ಬಸ್ಸುಗಳಲ್ಲಿ ಹಳದಿ ಪುಡಿ ಬಂತು, ಹೊಸದರಲ್ಲಿ ಬರಲಿಲ್ಲ. ಚುಕ್ಕೆಗಳು ನಾಲ್ಕರಲ್ಲೂ ತರಿತರಿಯಾಗಿವೆ.

ಪಾಲಿಶ್_ಕೋಲಾರ:

ಹಾಗಾದರೆ ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆ. ಎರಡೂ ಬಿಳಿಯಾಗಿ ಕಾಣುವುದರಿಂದ ಎಲ್ಲರೂ ಒಂದೇ ಔಷಧಿ ಹಚ್ಚುತ್ತಾರೆ. ದಯವಿಟ್ಟು ಮೊದಲು ಬೇರೆ ಮಾಡಿ ನೋಡಿ, ಆಮೇಲೆ ಪಾಲಿಶ್ ಮಾತು.

ತರಿತರಿ ಚುಕ್ಕೆ ನೀರಿನದು. ನಮ್ಮ ಜಿಲ್ಲೆಯ ಆಳದ ಬೋರ್ ನೀರು ಎಷ್ಟು ಗಡಸು ಅಂತ ಪಾತ್ರೆ ತಳ ನೋಡಿದವರಿಗೆಲ್ಲ ಗೊತ್ತು. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ತಗಡಿನ ಮೇಲೆ ಉಳಿಯುತ್ತದೆ. ಕುಡಿಯುವ ನೀರಿಗೆ ಐಎಸ್ 10500 ಅನ್ನುವ ಭಾರತೀಯ ಮಾನದಂಡ ಹೇಳುವುದು ಲೀಟರ್‌ಗೆ 200 ಮಿಲಿಗ್ರಾಂ ಗಡಸುತನ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಬೋರ್ ನೀರಿನ ರಿಪೋರ್ಟ್ ಶಾಲೆಯಲ್ಲಿದ್ದರೆ ಒಮ್ಮೆ ನೋಡಿ. ಹನ್ನೊಂದು ಗಂಟೆಗೆ ಕಾದ ತಗಡಿನ ಮೇಲೆ ಆ ನೀರು ಸುರಿದರೆ ಒರೆಸುವ ಮೊದಲೇ ಒಣಗುತ್ತದೆ. ಚುಕ್ಕೆ ಹುಟ್ಟುವುದೇ ಅಲ್ಲಿ.

ಹಳದಿ ಪುಡಿ ಬಿಸಿಲಿನದು. ಪೇಂಟ್‌ನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಬಿಸಿಲಿಗೆ ಸತ್ತುಹೋಗುತ್ತದೆ. ಆಗ ಪುಡಿ ಸಡಿಲವಾಗಿ ಮೇಲೆ ನಿಲ್ಲುತ್ತದೆ. ಬೆಳಕು ಅದರ ಮೇಲೆ ಚದುರಿ ಮಂಕಾಗಿ ಕಾಣುತ್ತದೆ. ಊರಲ್ಲಿ ಹೊಡೆದ ಪೇಂಟ್ ಮೇಲೆ ಸಾಮಾನ್ಯವಾಗಿ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಪಾಡುವ ಪಾರದರ್ಶಕ ಪದರ ಇರುವುದಿಲ್ಲ, ಅದಕ್ಕೇ ಅಲ್ಲಿ ಬೇಗ.

ಇನ್ನು ವ್ಯಾಕ್ಸ್ ಕರಗುವ ಮಾತು. ಪೇಸ್ಟ್ ವ್ಯಾಕ್ಸ್‌ಗೆ ಹಾಕುವ ಕಾರ್ನೌಬಾ ಅನ್ನುವ ಗಿಡದ ಮೇಣ ಕರಗಲು 80 ಡಿಗ್ರಿಗೂ ಜಾಸ್ತಿ ಬಿಸಿ ಬೇಕು. ನಮ್ಮ ಏಪ್ರಿಲ್ ಬಿಸಿಲಿಗೂ ತಗಡು ಅಷ್ಟು ಕಾಯುವುದಿಲ್ಲ. ನಿಮ್ಮ ವ್ಯಾಕ್ಸ್ ಹೋಗುತ್ತಿರುವುದು ಬಟ್ಟೆ ಪುಡಿಯಿಂದ. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಜಿಡ್ಡನ್ನು ತೆಗೆಯುವ ಹಾಗೆಯೇ ಮೇಣವನ್ನೂ ತೆಗೆಯುತ್ತದೆ. ಹಳೆಯ ಬಸ್ಸುಗಳಲ್ಲಂತೂ ವ್ಯಾಕ್ಸ್ ಕೂತಿದ್ದು ಸಡಿಲ ಪುಡಿಯ ಮೇಲೆ. ಪುಡಿ ಉದುರಿದಾಗ ಅದೂ ಹೋಯಿತು.

ಮೊದಲು ಚುಕ್ಕೆಗೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದಲ್ಲ, ಸಿಟ್ರಿಕ್ ಆಸಿಡ್, ಅದನ್ನು ಲೀಟರ್ ನೀರಿಗೆ 20 ಗ್ರಾಂ ಕರಗಿಸಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿದರೂ ಆಗುತ್ತದೆ. ಹೊತ್ತು ಏರುವ ಮೊದಲು, ತಗಡು ತಣ್ಣಗಿರುವಾಗ ಮೆತ್ತನೆ ಬಟ್ಟೆ ಅದ್ದಿ ಚುಕ್ಕೆಯ ಮೇಲೆ ಒಂದೆರಡು ನಿಮಿಷ ಹೊದಿಸಿ. ಒಣಗಲು ಬಿಡಬೇಡಿ. ಉಜ್ಜದೆ ಒರೆಸಿ, ಚೆನ್ನಾಗಿ ನೀರು ಹಾಕಿ. ಹೋಗದಿದ್ದರೆ ಇನ್ನೊಂದು ಸಲ. ಗಾಜಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಬಿಡಬಹುದು. ಕೈಗವಸು ಹಾಕಿಕೊಳ್ಳಲು ಹೇಳಿ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಬಸ್ಸಿನ ಹತ್ತಿರ ತರಬೇಡಿ. ಅಲ್ಯೂಮಿನಿಯಂ ಪಟ್ಟಿ ಕಪ್ಪಾಗುತ್ತದೆ, ರಿವೆಟ್ ಸಂದಿಗೆ ಹೋಗಿ ಒಳಗಿಂದ ತುಕ್ಕು ಹಿಡಿಸುತ್ತದೆ.

ಹಳೆಯ ಬಸ್ಸುಗಳ ಮಂಕಿಗೆ ಕಾಂಪೌಂಡ್ ಬೇಕು, ಅಂದರೆ ಮೇಲಿನ ಸತ್ತ ಪದರವನ್ನು ಉಜ್ಜಿ ತೆಗೆಯುವ ಪೇಸ್ಟ್. ಬಾಗಿಲಿನ ಹಿಂದೆ, ಯಾರಿಗೂ ಕಾಣದ ಕಡೆ ಒಂದು ಅಂಗೈ ಅಗಲ ಮೊದಲು ಕೈಯಲ್ಲೇ ಉಜ್ಜಿ ನೋಡಿ. ಹಳದಿ ಮರಳಿ ಬಂದರೆ ಪೇಂಟ್ ಉಳಿದಿದೆ ಅಂತ ಅರ್ಥ, ಮುಂದುವರಿಸಿ. ಕೆಳಗಿನ ಪ್ರೈಮರ್ ಇಣುಕಿದರೆ ನಿಲ್ಲಿಸಿ, ಆ ತಗಡಿಗೆ ಪೇಂಟೇ ಗತಿ. ಮೆಷಿನ್ ಬಳಸುವುದಾದರೆ ರಿವೆಟ್ ತಲೆ ಮತ್ತು ಮೂಲೆಗಳಿಗೆ ಮೊದಲೇ ಟೇಪ್ ಅಂಟಿಸಿ, ಪೇಂಟ್ ಮೊದಲು ಕಿತ್ತುಹೋಗುವುದು ಅಲ್ಲೇ.

ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಹಳೆಯ ಹಳದಿ ಪೇಂಟ್‌ನಲ್ಲಿ ಲೆಡ್ ಕ್ರೋಮೇಟ್, ಅಂದರೆ ಸೀಸ ಇರುವ ವಿಷದ ಬಣ್ಣ ಇರಬಹುದು. ಒಣ ಸ್ಯಾಂಡ್‌ಪೇಪರ್ ಬೇಡವೇ ಬೇಡ. ಕೆಲಸವೆಲ್ಲ ಒದ್ದೆಯಲ್ಲಿ, ಮಾಸ್ಕ್ ಹಾಕಿಕೊಂಡು, ಶಾಲೆಗೆ ರಜೆ ಇರುವಾಗ. ಆ ಬಟ್ಟೆಗಳನ್ನು ಮನೆಯಲ್ಲಿ ಒಗೆಯಬೇಡಿ.

ಕೆಜಿಎಫ್_ಗೇರ್‌ಬಾಕ್ಸ್:

ನಮ್ಮ ಕಡೆಯ ಒಂದು ಮಾತು. ಆಷಾಢದ ಗಾಳಿಗೆ ಸೈನೈಡ್ ದಿಬ್ಬದ, ಅಂದರೆ ಚಿನ್ನದ ಗಣಿಯ ತ್ಯಾಜ್ಯ ಸುರಿದ ದಿಬ್ಬದ ಸಣ್ಣ ಮರಳು ಊರೆಲ್ಲ ಹಾರುತ್ತದೆ. ಗಣಿ ಮುಚ್ಚಿದ್ದು 2001ರಲ್ಲಿ, ದಿಬ್ಬಗಳು ಹಾಗೇ ಇವೆ. ಬೆಳಿಗ್ಗೆ ಕ್ಲೀನರ್ ಒಣ ಬಟ್ಟೆಯಲ್ಲಿ ಬಸ್ಸು ಒರೆಸುವುದನ್ನು ನಿಲ್ಲಿಸಿದ ಮೇಲೆ ಸಣ್ಣ ಗೀರುಗಳು ಕಮ್ಮಿಯಾದವು. ಮೊದಲು ಬರೀ ನೀರು ಹರಿಸಿ ಮರಳು ಇಳಿಸಬೇಕು, ಆಮೇಲೆ ಬಟ್ಟೆ ಮುಟ್ಟಿಸಬೇಕು. ಚಿಕ್ಕಬಳ್ಳಾಪುರದ ಕ್ರಷರ್ ರಸ್ತೆಯಲ್ಲಿ ಓಡುವ ಬಸ್ಸುಗಳಿಗೂ ಇದೇ ಮಾತು. ಕಲ್ಲಿನ ಪುಡಿ ಪೇಂಟ್‌ಗಿಂತ ಗಟ್ಟಿ ಅಲ್ವಾ.

ಸಾರಥಿ_ಶ್ರೀನಿವಾಸಪುರ:

ಪಾಲಿಶ್ ಅಣ್ಣ, ತುಂಬಾ ಉಪಕಾರ. ಆದರೆ ನೀರು ಅದೇ ಬೋರ್ ನೀರಲ್ವಾ? ಚುಕ್ಕೆ ತೆಗೆದರೂ ಮತ್ತೆ ಬರುತ್ತದೆ. ಟ್ಯಾಂಕರ್ ತರಿಸಿದರೂ ಅದೂ ಬೋರ್‌ನದೇ.

ನಂದಿಬೆಟ್ಟ_ತಪ್ಪಲು:

ಮೇಡಂ ಒಬ್ಬರು ಹೇಳುತ್ತಿದ್ದಾರೆ ಅಂದುಕೊಳ್ಳಿ ಸರ್, ಚಿಕ್ಕಬಳ್ಳಾಪುರದಲ್ಲಿ ನಮ್ಮದೂ ಶಾಲಾ ವಾಹನಗಳೇ. ತೊಳೆಯುವುದೆಲ್ಲ ಬೋರ್ ನೀರಿನಲ್ಲೇ ಆಗಲಿ. ಕೊನೆಯ ನೀರು ಮಾತ್ರ ಬದಲಾಯಿಸಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್‌ನ ಒಂದೆರಡು ಕ್ಯಾನ್ ತನ್ನಿ. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್‌ನಲ್ಲಿ ತುಂಬಿಸಿ ಮೇಲಿನಿಂದ ಕೆಳಗೆ ಹೊಡೆಯಿರಿ. ಸ್ಪ್ರೇಯರ್ ಹೊಸದೇ ಇರಬೇಕು. ನಿಮ್ಮದು ಮಾವಿನ ಊರು, ತೋಟಕ್ಕೆ ಔಷಧಿ ಹೊಡೆದ ಸ್ಪ್ರೇಯರ್ ಮಕ್ಕಳು ಮುಟ್ಟುವ ಬಸ್ಸಿಗೆ ಬೇಡ. ಆ ಘಟಕದ ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗುವ ವೇಸ್ಟ್ ನೀರು ಬಿಟ್ಟಿ ಸಿಗುತ್ತದೆ ಅಂತ ತರಬೇಡಿ, ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಶಾಲೆಯ ಸೂರಿನ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಎಫ್‌ಸಿ ಇಲ್ಲದಿದ್ದರೂ ಹಳದಿ ಉಳಿಸಿಕೊಳ್ಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ. 1939ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಕರೆದ ಸಭೆಯಲ್ಲಿ ಶಾಲಾ ಬಸ್ಸಿಗೆ ಹಳದಿ ಆರಿಸಿದ್ದು ನೋಟಕ್ಕೆ ಚೆಂದ ಅಂತಲ್ಲ. ಮಬ್ಬು ಬೆಳಕಿನಲ್ಲೂ ಆ ಹಳದಿ ಮತ್ತು ಅದರ ಮೇಲಿನ ಕಪ್ಪು ಅಕ್ಷರ ಕಾಣುತ್ತದೆ ಅಂತ. ನಮ್ಮಲ್ಲೂ ಶಾಲಾ ಬಸ್ಸಿಗೆ ಗೋಲ್ಡನ್ ಯೆಲ್ಲೋ ಬಣ್ಣವೇ ಇರಬೇಕು. ಡಿಸೆಂಬರ್ ಬೆಳಿಗ್ಗೆ ನಂದಿ ಕಡೆ ಮಂಜು ಕವಿದಾಗ ಮಂಕಾದ ಬಸ್ಸು ಹತ್ತಿರ ಬರುವವರೆಗೂ ಎದುರಿನವರಿಗೆ ಕಾಣುವುದಿಲ್ಲ.

ಆಯುಧಪೂಜೆಗೆ ಬಾಳೆಕಂದು ಕಟ್ಟಿದ ಟೇಪ್‌ನ ಅಂಟು ಉಳಿದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಬಟ್ಟೆಗೆ ಬರುತ್ತದೆ. ಆಮೇಲೆ ಶಾಂಪೂ ನೀರಿನಲ್ಲಿ ಎಣ್ಣೆ ತೆಗೆಯಿರಿ. ಕುಂಕುಮ, ಅರಿಶಿನ ಹಬ್ಬದ ಮಾರನೇ ದಿನವೇ ತೊಳೆಯುವುದು ಒಳ್ಳೆಯದು.

ಪಾಲಿಶ್_ಕೋಲಾರ:

ಮೇಡಂ ಹೇಳಿದ ಕೊನೆಯ ನೀರಿನ ಮಾತು ಬಂಗಾರ. ನಾನು ಸಾವಿರ ರೂಪಾಯಿಯ ವ್ಯಾಕ್ಸ್‌ಗಿಂತ ಆ ಎರಡು ಕ್ಯಾನ್‌ಗೇ ಮೊದಲು ದುಡ್ಡು ಹಾಕುತ್ತೇನೆ.

ಮಾವಿನ ಮರದ ಕಪ್ಪು ಜಿಗುಟು ಬಿಟ್ಟಿದ್ದೆ. ಹೂ ಬಿಡುವ ಕಾಲದಲ್ಲಿ ಜಿಗಿಹುಳು ಬಿದ್ದರೆ ಅದು ಸಿಹಿ ಅಂಟು ಸುರಿಸುತ್ತದೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಉಗುರುಬೆಚ್ಚಗಿನ ಶಾಂಪೂ ನೀರಿನ ಬಟ್ಟೆ ಹೊದಿಸಿ ನೆನೆಯಲು ಬಿಡಿ, ಕೆರೆಯಬೇಡಿ. ಜನವರಿಯಿಂದ ಕಾಯಿ ಗಟ್ಟಿಯಾಗುವವರೆಗೆ ಬೇರೆ ಜಾಗ ಹುಡುಕಿ. ಮಾವಿನ ಸೊನೆ ಪೇಂಟ್ ಮೇಲೆ ಒಣಗಿದರೆ ಕಲೆ ಉಳಿದೇ ಬಿಡುತ್ತದೆ.

ವ್ಯಾಕ್ಸ್ ಹಾಕುವುದು ಭಾನುವಾರ ನಸುಕಿನಲ್ಲಿ, ನೆರಳಿನಲ್ಲಿ. ಅಂಗೈಗೆ ತಗಡು ತಣ್ಣಗೆ ಅನ್ನಿಸಬೇಕು. ತೆಳ್ಳಗೆ ಹಚ್ಚಿ, ದಪ್ಪ ಹಚ್ಚಿದರೆ ಒರೆಸುವುದೇ ಕಷ್ಟ. ಒಂದೊಂದೇ ಪ್ಯಾನೆಲ್ ಮುಗಿಸುತ್ತಾ ಹೋಗಿ. ರಿವೆಟ್ ಸುತ್ತ ಬಿಳಿ ಉಳಿದರೆ ಮೆತ್ತನೆ ಬ್ರಷ್ ಆಡಿಸಿ. ಬಸ್ಸಿನಂಥ ದೊಡ್ಡ ಮೈಗೆ, ಬಯಲಲ್ಲಿ ನಿಲ್ಲುವ ಗಾಡಿಗೆ, ಪೇಸ್ಟ್ ವ್ಯಾಕ್ಸ್‌ಗಿಂತ ಸಿಂಥೆಟಿಕ್ ಸೀಲೆಂಟ್ ಜಾಸ್ತಿ ದಿನ ನಿಲ್ಲುತ್ತದೆ. ಬೇಸಿಗೆ ರಜೆಯಲ್ಲಿ ಒಮ್ಮೆ, ದಸರಾ ರಜೆಯಲ್ಲಿ ಒಮ್ಮೆ ಹಾಕಿ. ತೊಳೆಯಲು ಕಾರ್ ಶಾಂಪೂ ಸಾಕು. ಕಪ್ಪು ಪ್ಲಾಸ್ಟಿಕ್ ಬಂಪರ್‌ಗೆ ವ್ಯಾಕ್ಸ್ ತಾಗಿಸಬೇಡಿ, ಬಿಳಿಯಾಗಿ ನಿಂತುಬಿಡುತ್ತದೆ.

ಸಾರಥಿ_ಶ್ರೀನಿವಾಸಪುರ:

ಒಂದು ಹೊಸ ಬಸ್ಸು, ಒಂದು ಹಳೆಯ ಬಸ್ಸಿಗೆ ಮಾಡಿಸಿದೆ. ನಿಂಬೆ ಉಪ್ಪಿಗೆ ಚುಕ್ಕೆ ಹೋಯಿತು, ಗಾಜಿನ ಮೇಲಿನದು ಎರಡನೇ ಸಲಕ್ಕೆ. ಆರ್‌ಒ ನೀರು ಹೊಡೆದು ಒರೆಸಿದ ಮೇಲೆ ಹೊಸ ಚುಕ್ಕೆ ಬಂದಿಲ್ಲ. ಹಳೆಯ ಬಸ್ಸಿನ ಬಿಸಿಲಿನ ಪಕ್ಕದಲ್ಲಿ ಹಳದಿ ಚೆನ್ನಾಗಿ ಎದ್ದಿದೆ. ಹಿಂದಿನ ಚಕ್ರದ ಮೇಲಿನ ಒಂದು ಪ್ಯಾನೆಲ್‌ನಲ್ಲಿ ಪ್ರೈಮರ್ ಕಂಡಿತು, ಅದೊಂದಕ್ಕೆ ಪೇಂಟ್ ಹೊಡೆಸುತ್ತೇವೆ. ಆಡಳಿತ ಮಂಡಳಿಯವರಿಗೂ ತೋರಿಸಿದೆ, ಪೂರ್ತಿ ಪೇಂಟ್ ಖರ್ಚು ಉಳಿಯಿತು ಅಂತ ಅವರಿಗೂ ಖುಷಿ.

ಇನ್ನೊಂದೇ ಪ್ರಶ್ನೆ. ಕಿಟಕಿ ಕೆಳಗಿನ ಕಂದು ಪಟ್ಟಿ, ಅಕ್ಷರ, ರಿಫ್ಲೆಕ್ಟರ್ ಟೇಪ್, ಇವಕ್ಕೂ ಪಾಲಿಶ್ ಮಾಡಬಹುದಾ? ಡ್ರೈವರ್ ಫುಟ್‌ಬೋರ್ಡ್‌ಗೂ ಹಾಕೋಣ ಅನ್ನುತ್ತಿದ್ದಾರೆ.

ಪಾಲಿಶ್_ಕೋಲಾರ:

ಕಂದು ಪಟ್ಟಿ ಪೇಂಟ್ ಆಗಿದ್ದರೆ ಮಾಡಬಹುದು, ಆದರೆ ಬಟ್ಟೆ ಬೇರೆ ಇರಲಿ, ಇಲ್ಲದಿದ್ದರೆ ಕಂದು ಹಳದಿಗೆ ಹತ್ತುತ್ತದೆ. ಅಕ್ಷರ ಸ್ಟಿಕ್ಕರ್ ಆಗಿದ್ದರೆ ಅಂಚಿಗೆ ಕಾಂಪೌಂಡ್ ತಾಗಿಸಬೇಡಿ, ಏಳುತ್ತದೆ. ಮುಂದಿನ ಬಿಳಿ, ಪಕ್ಕದ ಹಳದಿ, ಹಿಂದಿನ ಕೆಂಪು ರಿಫ್ಲೆಕ್ಟರ್ ಟೇಪ್‌ಗೆ ಕಾಂಪೌಂಡ್, ಥಿನ್ನರ್, ಪೆಟ್ರೋಲ್ ಯಾವುದೂ ಬೇಡ. ಮೇಲ್ಮೈ ಗೀಚಿದರೆ ರಾತ್ರಿ ಹೆಡ್‌ಲೈಟ್‌ಗೆ ಹೊಳೆಯುವುದು ಕಮ್ಮಿಯಾಗುತ್ತದೆ. ಶಾಂಪೂ ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಫುಟ್‌ಬೋರ್ಡ್, ಹಿಡಿಕೆ ಕಂಬಿ, ಸ್ಟೀರಿಂಗ್, ಸೀಟು, ಇವಕ್ಕೆ ವ್ಯಾಕ್ಸ್ ಆಗಲಿ ಸಿಲಿಕಾನ್ ಪಾಲಿಶ್ ಆಗಲಿ ಒಂದು ಹನಿಯೂ ಬೇಡ ಅಂತ ಡ್ರೈವರ್‌ಗೆ ಕೂರಿಸಿ ಹೇಳಿ. ಮಳೆಯಲ್ಲಿ ಒದ್ದೆ ಶೂ ಹಾಕಿಕೊಂಡು ಹತ್ತುವುದು ಚಿಕ್ಕ ಮಕ್ಕಳು, ಜಾರುತ್ತಾರೆ. ಈಗಾಗಲೇ ಹಾಕಿದ್ದರೆ ಅಲ್ಲಿಗೆ ಮಾತ್ರ ನಿಮ್ಮ ಬಟ್ಟೆ ಒಗೆಯುವ ಪುಡಿ ಬಳಸಿ ಉಜ್ಜಿ ತೆಗೆಯಿರಿ.